ಬಿಸಿ ತಟ್ಟೆಯ ಮೇಲೆ ಚೆಂಡುಹೂವು

ಚೆಂಡುಹೂವಿನ ವಾಸನೆ ಬಂದರೆ ನನಗೆ ಸಿಟ್ಟು ಬರುತ್ತದೆ. ಹೂವಿನ ತಪ್ಪಲ್ಲ, ನನಗೂ ಗೊತ್ತು. ಆದರೂ ಬರುತ್ತದೆ. ಈ ಸಲ ದಸರೆಗೆ ಮುಂಚೆ ಮುಧೋಳದ ಬಸ್ ನಿಲ್ದಾಣದ ಹೊರಗೆ ಜಮಖಂಡಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ರಸ್ತೆಯ ಅಂಚಿಗೆ ಗೋಣಿಚೀಲ ಹಾಸಿ ಹೂವು ರಾಶಿ ಹಾಕಿಕೊಂಡು ಹೆಂಗಸರು ಕೂತಿದ್ದರು. ಒಬ್ಬಳು ನನ್ನನ್ನೇ ಹಿಡಿದಳು.

"ತಗೋರಿ ಅಕ್ಕಾರ, ನಾಳಿ ಖಂಡೆ ಪೂಜಿ ಐತಿ. ಮಷಿನ್‌ಗೆ ಏನ್ ಹಾಕ್ತೀರಿ?"

"ನಮ್ಮನ್ಯಾಗ ಮಷಿನ್ ಇಲ್ಲವಾ."

"ಮಿಕ್ಸರ್ ಆದ್ರೂ ಇರಬೇಕಲ್ರೀ."

"ಮಿಕ್ಸರಿಗೆ ಬೇಕಾದ್ರ ಅದ ಬಂದು ಕೇಳ್ತೈತಿ. ನೀ ಸುಮ್ನಿರು!"

ಹಾಗೆ ಕೂಗಬಾರದಿತ್ತು. ಅವಳು ಪಕ್ಕದವಳ ಮುಖ ನೋಡಿ, "ಯವ್ವಾ, ಹೂವಿನ ಮ್ಯಾಲ ಏನ್ ಸಿಟ್ಟರೀ ಇವರಿಗಿ!" ಅಂದಳು. ಸುತ್ತ ಇದ್ದವರೆಲ್ಲ ನಕ್ಕರು. ನಾನು ಸೆರಗು ಮೂಗಿಗೆ ಒತ್ತಿಕೊಂಡು ಆಚೆ ಸರಿದೆ. ಬಸ್ಸು ಬರುವ ತನಕ ನನ್ನ ತಲೆಯಲ್ಲಿ ಒಂದೇ ವರ್ಷ ಓಡುತ್ತಿತ್ತು.

ನಾನು ಜಮಖಂಡಿ ಹೊರಗಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೆ. ನಿವೃತ್ತಿಯಾಗಿ ಕೆಲವು ವರ್ಷಗಳಾದವು. ಹುಟ್ಟಿದ್ದು ರಬಕವಿಯಲ್ಲಿ, ನೇಕಾರರ ಮನೆಯಲ್ಲಿ. ನನ್ನ ಸಂಶೋಧನೆ ಮೆಮ್ರಿಸ್ಟರ್ ಎಂಬ ಪುಟ್ಟ ಸಾಧನದ ಮೇಲೆ. ಎರಡು ಲೋಹದ ಪದರಗಳ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಇನ್ನೊಂದು ಪದರ, ಅಷ್ಟೇ. ಅದರಲ್ಲಿ ವಿದ್ಯುತ್ತು ಒಂದು ಸಲ ಜೋರಾಗಿ ಹರಿದರೆ ಒಳಗೆ ದಾರಿಯೊಂದು ಬೀಳುತ್ತದೆ. ಜನ ಓಡಾಡಿ ಓಡಾಡಿ ಹೊಲದಲ್ಲಿ ಕಾಲುದಾರಿ ಬೀಳುವುದಿಲ್ಲವೇ, ಹಾಗೆ. ಆಮೇಲೆ ಕರೆಂಟು ತೆಗೆದರೂ ಆ ದಾರಿ ಇರುತ್ತದೆ. ಉಲ್ಟಾ ಕರೆಂಟು ಕೊಟ್ಟರೆ ಮಾತ್ರ ಅಳಿಯುತ್ತದೆ. ಈಗಿನ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಜಾಗ ಬೇರೆ, ನೆನಪಿಡುವ ಜಾಗ ಬೇರೆ. ಮಾಹಿತಿ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಓಡಾಡುವುದರಲ್ಲೇ ಸಮಯ, ಶಕ್ತಿ ಎಲ್ಲ ಹಾಳು. ಈ ಸಾಧನ ಎರಡನ್ನೂ ಒಂದೇ ಕಡೆ ಮಾಡಬಲ್ಲದು. ನಾಳಿನ ಕಂಪ್ಯೂಟರು ಇದರಿಂದಲೇ ಆಗಬಹುದೆಂದು ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಇದರ ಹಿಂದೆ ಬಿದ್ದಿವೆ. ನಾವೂ ಬಿದ್ದಿದ್ದೆವು, ಕಬ್ಬಿನ ಗದ್ದೆಗಳ ನಡುವಿನ ಒಂದು ಕೋಣೆಯಲ್ಲಿ.

ಬೆಂಗಳೂರಿನ ಸಮ್ಮೇಳನಗಳಿಗೆ ಹೋದರೆ ಕೊರಳ ಪಟ್ಟಿಯಲ್ಲಿ ಊರಿನ ಹೆಸರು ನೋಡಿ, "ಜಮಖಂಡೀನಾ? ಅಲ್ಲಿ ಇದೆಲ್ಲ ಮಾಡ್ತೀರಾ?" ಎಂದು ಹುಬ್ಬೇರಿಸುತ್ತಿದ್ದರು. ಇಲ್ಲಿ ನಮ್ಮ ಸಹೋದ್ಯೋಗಿಗಳು, "ಯಾಕ್ ಬೇಕ್ರಿ ಮೇಡಂ ಇಲ್ಲದ ಉಸಾಬರಿ? ಪಾಠ ಮಾಡ್ರಿ, ಪಗಾರ ತಗೋರಿ, ಮನಿಗಿ ಹೋಗ್ರಿ" ಅನ್ನುತ್ತಿದ್ದರು. ಎರಡು ಮಾತಿಗೂ ನನಗೆ ಮೈ ಉರಿಯುತ್ತಿತ್ತು. ಯಾವುದು ಹೆಚ್ಚು ಉರಿಸುತ್ತಿತ್ತೆಂದು ಇವತ್ತಿಗೂ ಹೇಳಲಾರೆ.

ಆ ವರ್ಷದ ಕತೆ ನಿಜವಾಗಿ ನನ್ನದಲ್ಲ, ರೇಣುಕಾಳದು. ರೇಣುಕಾ ಬನಹಟ್ಟಿಯ ಹುಡುಗಿ. ಅವರ ಮನೆಯಲ್ಲಿ ಪವರ್‌ಲೂಮುಗಳು ಬೆಳಗಿನಿಂದ ಬಡಿಯುತ್ತಿದ್ದವು. ಆ ಸದ್ದಿನಲ್ಲೇ ಓದಿ, ಆ ಸದ್ದಿನಲ್ಲೇ ಎಂ.ಟೆಕ್ ಮುಗಿಸಿ, ನನ್ನ ಕೈಕೆಳಗೆ ಪಿಎಚ್.ಡಿಗೆ ಸೇರಿದ್ದಳು. ನಾನು ಮಾತೆತ್ತಿದರೆ ಜಗಳ; ಅವಳು ಅದರ ಪೂರ್ತಿ ವಿರುದ್ಧ. ಮೆಲ್ಲಗೆ ಮಾತಾಡುವವಳು, ಆದರೆ ಹಿಡಿದದ್ದನ್ನು ಬಿಡುವವಳಲ್ಲ. ತಾಯಿಗೆ ಕಾಯಿಲೆಯಾಗಿ ನಡುವೆ ವರ್ಷಗಟ್ಟಲೆ ಕೆಲಸ ನಿಂತಿತ್ತು. ವಿಶ್ವವಿದ್ಯಾಲಯ ಕೊಡಬೇಕಾದ ಅವಧಿಯನ್ನೆಲ್ಲ ಕೊಟ್ಟು, ಇನ್ನು ಈ ಡಿಸೆಂಬರೇ ಕೊನೆ ಎಂದಿತ್ತು. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು. ಅಲ್ಲಿಯವರೆಗಿನ ದುಡಿಮೆಯೆಲ್ಲ ಗಾಳಿಗೆ.

ಅವಳ ಪ್ರಬಂಧದ ಜೀವ ಒಂದೇ ಪ್ರಯೋಗದಲ್ಲಿತ್ತು. ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರ ಪ್ರಯೋಗಾಲಯದಲ್ಲಿ ದಿನಗಟ್ಟಲೆ ಕಾದು, ಅವರು ಕೊಟ್ಟ ಹೊತ್ತಿನಲ್ಲಿ, ಉಗುರಿನಗಲದ ಒಂದು ಸಿಲಿಕಾನ್ ಚಿಪ್ಪು ಮಾಡಿಕೊಂಡು ಬಂದಿದ್ದಳು. ಅದರ ಮೇಲೆ ಸಾಲುಸಾಲು ಮೆಮ್ರಿಸ್ಟರುಗಳು. ಪ್ರತಿಯೊಂದಕ್ಕೂ ಒಂದೊಂದು ನೆನಪು ಬರೆದು, ಗಾಜಿನ ಮುಚ್ಚಳವಿದ್ದ ಪೆಟ್ಟಿಗೆಯೊಳಗೆ ಬಿಸಿ ತಟ್ಟೆಯ ಮೇಲೆ ಇಟ್ಟಿದ್ದೆವು. ಬಿಸಿಯಲ್ಲಿಟ್ಟರೆ ಸಾಧನಕ್ಕೆ ಬೇಗ ವಯಸ್ಸಾಗುತ್ತದೆ. ಹಲವು ವರ್ಷಗಳ ಮುಪ್ಪು ಕೆಲವು ತಿಂಗಳಲ್ಲಿ ಬರುತ್ತದೆ. ಅಷ್ಟಾದ ಮೇಲೂ ನೆನಪು ಉಳಿದಿದ್ದರೆ ಅವಳು ಗೆದ್ದಳು. ಕರೆಂಟು ಹೋಗಲಿ ಬರಲಿ, ಇದು ಮರೆಯುವುದಿಲ್ಲ ಎಂದು ತೋರಿಸುವುದೇ ಅವಳ ಪ್ರಬಂಧ. ನಮಗೆ ಬೇಕಾದದ್ದು ಇಷ್ಟೇ: ಪೆಟ್ಟಿಗೆಯನ್ನು ನಮ್ಮಿಬ್ಬರ ಹೊರತು ಯಾರೂ ಮುಟ್ಟಬಾರದು.

ಮುಂಗಾರು ಹಿಡಿದಾಗ ತಟ್ಟೆ ಬಿಸಿಯಾಯಿತು. ಆ ವರ್ಷ ಮಳೆ ಜೋರು. ಘಟಪ್ರಭೆ ಮುಧೋಳದ ಬದಿ ಉಕ್ಕಿ ರಸ್ತೆ ಬಂದಾಯಿತು, ಕೃಷ್ಣೆ ಜಮಖಂಡಿ ಬದಿಯ ಹೊಲಗಳಿಗೆ ನುಗ್ಗಿದಳು ಎಂಬ ಸುದ್ದಿ ಬಂತು. ಕಾಲೇಜಿನ ಸುತ್ತ ಎರೆಮಣ್ಣು ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತಿತ್ತು. ಕರೆಂಟಂತೂ ಮನಸ್ಸು ಬಂದಾಗ ಬರುವುದು. ನಮ್ಮ ವಿಭಾಗದ ಸಿಪಾಯಿ ಬಸಪ್ಪ ಆ ಮಳೆಗಾಲವೆಲ್ಲ ನಮ್ಮ ಪೆಟ್ಟಿಗೆಯ ಕಾವಲುಗಾರ. ಕರೆಂಟು ಹೋದ ಕ್ಷಣ ನನಗೆ ಫೋನು.

"ಅಕ್ಕಾರ, ಹೋತ್ರಿ. ಜನರೇಟರ್ ಹಚ್ಚೇನ್ರಿ. ಕೂಸು ಬೆಚ್ಚಗೈತಿ, ನೀವ್ ಕಾಳಜಿ ಮಾಡಬ್ಯಾಡ್ರಿ."

ಚಿಪ್ಪನ್ನು ಅವನು ಕೂಸು ಅಂತಲೇ ಕರೆಯುತ್ತಿದ್ದ. ಅದರೊಳಗೆ ಏನಿದೆ ಎಂದು ಒಮ್ಮೆಯೂ ಕೇಳಲಿಲ್ಲ. ರೇಣುಕಾ ವಾರಕ್ಕೊಮ್ಮೆ ಕೂದಲೆಳೆಯಂಥ ಸೂಜಿಗಳನ್ನು ಇಳಿಸಿ ಒಂದೊಂದನ್ನೇ ಓದುತ್ತಿದ್ದಳು. ಶ್ರಾವಣ ಕಳೆಯಿತು, ಗಣಪತಿ ಕಳುಹಿಸಿದ್ದೂ ಆಯಿತು. ಎಲ್ಲವೂ ನೆನಪಿಟ್ಟುಕೊಂಡಿದ್ದವು. ಅವಳ ಮುಖದಲ್ಲಿ ನಗು ಕಂಡದ್ದು ಆ ದಿನಗಳಲ್ಲಿ.

ಈಗ ನಮ್ಮ ಪ್ರಾಚಾರ್ಯರ ವಿಷಯ. ಹೆಸರು ಬೇಡ, ಅವರ ಹೆಸರು ಹೇಳಿದರೆ ನನ್ನ ನಾಲಿಗೆ ಕಹಿಯಾಗುತ್ತದೆ. ತೆಳ್ಳಗೆ, ಬಿಳಿ ಅಂಗಿ, ಸದಾ ನಗು. ಪ್ರಯೋಗಾಲಯದ ಒಳಗೆ ಅವರ ಕಾಲು ಬೀಳುತ್ತಿದ್ದದ್ದು ಫೋಟೋ ಇದ್ದಾಗ ಮಾತ್ರ. ನಮ್ಮ ಹಿಂದಿನ ಲೇಖನಕ್ಕೆ ತಮ್ಮ ಹೆಸರನ್ನೂ ಸೇರಿಸಬೇಕೆಂದು ಕೇಳಿದ್ದರು. "ಸಂಸ್ಥೆಯ ಮುಖ್ಯಸ್ಥ ಅಲ್ರೀ ನಾ? ಒಂದ್ ಹೆಸರು ಕೂಡಿಸಿದ್ರ ನಿಮಗೇನ್ ಭಾರ ಆಗ್ತದ?" ಎಂದು. ಯಾವ ಸೂಜಿ ಯಾವ ಕಡೆ ಇಳಿಯುತ್ತದೆ ಎಂದು ಹೇಳಿ, ಆಮೇಲೆ ಸೇರಿಸುತ್ತೇನೆ ಅಂದೆ. ಅವತ್ತಿನಿಂದ ನನ್ನನ್ನು ಕಂಡರೆ ಅವರ ನಗು ಇನ್ನೂ ಅಗಲವಾಗುತ್ತಿತ್ತು.

ನಮ್ಮ ಕಡೆ ಖಂಡೆ ಪೂಜೆ ಎಂದರೆ ಏನೆಂದು ದಕ್ಷಿಣದವರಿಗೆ ಬಿಡಿಸಿ ಹೇಳಬೇಕು. ಆಯುಧ ಪೂಜೆಯೇ, ಆದರೆ ನೇಕಾರರ ಊರಲ್ಲಿ ಅದು ಯಂತ್ರಗಳ ಹಬ್ಬ. ರಬಕವಿ ಬನಹಟ್ಟಿಯಲ್ಲಿ ಅವತ್ತು ಒಂದು ಮಗ್ಗವೂ ಬಡಿಯುವುದಿಲ್ಲ. ವರ್ಷವಿಡೀ ಕಿವಿ ತುಂಬಿದ್ದ ಸದ್ದು ನಿಂತು ಊರೇ ಕಿವುಡಾದಂತೆ ಅನಿಸುತ್ತದೆ. ನಡೆಯುವ ಯಂತ್ರಕ್ಕೆ ಪೂಜೆ ಇಲ್ಲ. ನಿಲ್ಲಿಸಿ, ತೊಳೆದು, ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವಿನ ಸರ ಹಾಕಿ, ಆರತಿ ಬೆಳಗಬೇಕು. ನಮ್ಮ ಕಾಲೇಜಿನಲ್ಲೂ ಹಾಗೆಯೇ. ಸಂಸ್ಥೆಯ ಅಧ್ಯಕ್ಷರು ಬಂದು ಲೇಥ್ ಯಂತ್ರದಿಂದ ಕಂಪ್ಯೂಟರಿನವರೆಗೆ ಪ್ರತಿಯೊಂದಕ್ಕೂ ಹೂವು ಏರಿಸುವರು.

ನಾನು ಮೊದಲೇ ಪ್ರಾಚಾರ್ಯರ ಕೋಣೆಗೆ ಹೋಗಿ ಹೇಳಿದೆ. "ಸರ್, ಈ ವರ್ಷ ನಮ್ಮ ಲ್ಯಾಬಿನ ಪೂಜಿ ಹೊಸ್ತಲದಾಗ ಆಗ್ಲಿ. ಒಳಗ ಯಾರೂ ಬರೂದು ಬ್ಯಾಡ. ಪ್ರಯೋಗ ನಡದೈತಿ."

"ಆತ್ರಿ, ಆತ್ರಿ. ಅದಕ್ಕೇನು? ನಿಮ್ಮ ಇಷ್ಟಾನ ನಮ್ಮ ಇಷ್ಟಾ" ಅಂದರು, ನಗುತ್ತ.

ಬಸಪ್ಪನಿಗೂ ಹೇಳಿ, ಬೀಗ ಹಾಕಿ, ಕೀಲಿ ಸೊಂಟಕ್ಕೆ ಸಿಗಿಸಿಕೊಂಡು ಹಬ್ಬಕ್ಕೆ ರಬಕವಿಗೆ ಹೋದೆ. ರೇಣುಕಾ ಬನಹಟ್ಟಿಗೆ ಹೋದಳು. ಮನೆಯಲ್ಲಿ ನನ್ನ ತಮ್ಮ ಮಗ್ಗದ ಪೂಜೆ ಮಾಡಿದ. ನಮ್ಮಪ್ಪ ಇದ್ದಾಗ ಮಾಡುತ್ತಿದ್ದಂತೆಯೇ, ಮೊದಲು ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ನೂಲಿನ ಮೇಲೆ ಒಗೆದ ಬಿಳಿ ಧೋತರ ಹೊದಿಸಿದ. ಕುಂಕುಮ ಏನಿದ್ದರೂ ಮಗ್ಗದ ಕಂಬಕ್ಕೆ. ನೂಲಿಗೆ ಒಂದು ಕಣ ತಾಗಿದರೂ ಸೀರೆ ಕೆಟ್ಟಿತು. ಚಿಕ್ಕವಳಿದ್ದಾಗ ನಾನು ಹಾಸಿನ ಮೇಲೆ ಹೂವಿಡಲು ಹೋಗಿ ಅಪ್ಪನ ಕೈಯಿಂದ ಬೆನ್ನಿಗೆ ಒಂದು ಏಟು ತಿಂದಿದ್ದೆ. "ದೇವರಿಗೆ ಕೈ ಮುಗಿ, ನೂಲಿಗೆ ಕೈ ಹಚ್ಚಬ್ಯಾಡ" ಅಂದಿದ್ದರು. ಪೂಜೆ ಬೇಡವೆನ್ನುವವಳೆಂದು ಆಮೇಲೆ ನನ್ನ ಬಗ್ಗೆ ಊರೆಲ್ಲ ಹಬ್ಬಿಸಿದರಲ್ಲ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ಪೂಜೆ ಹೇಗೆಂದು ನಾನು ಇವರಿಂದ ಕಲಿಯಬೇಕೇ?

ದಸರೆಯ ಮಾರನೆಯ ದಿನ ನಾನೂ ರೇಣುಕಾಳೂ ಒಟ್ಟಿಗೇ ಕಾಲೇಜಿಗೆ ಬಂದೆವು. ಬೀಗ ಹಾಕಿದಂತೆಯೇ ಇತ್ತು. ಬಾಗಿಲು ತೆರೆದೆ. ಒಳಗಿಂದ ಬಂದ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಕರ್ಪೂರ, ಎಣ್ಣೆ, ಅದರ ಮೇಲೆ ಹುರಿದ ಚೆಂಡುಹೂವು. ಹುರಿದ ಹೂವಿನ ವಾಸನೆ ನಿಮಗೆ ಗೊತ್ತಿರಲಾರದು. ಮೊದಲು ಸಿಹಿ, ಆಮೇಲೆ ಕಮಟು, ಆಮೇಲೆ ಗಂಟಲಿನಲ್ಲಿ ಕೂತುಬಿಡುತ್ತದೆ.

ಗಾಜಿನ ಮುಚ್ಚಳದ ಒಳಗೆ, ಬಿಸಿ ತಟ್ಟೆಯ ಮೇಲೆ, ನಮ್ಮ ಚಿಪ್ಪಿನ ಮೇಲೆಯೇ, ಒಂದು ಚೆಂಡುಹೂವು ಕಂದಿ ಕರಕಾಗಿ ಕೂತಿತ್ತು. ಅದರ ಕೆಳಗೆ ಒದ್ದೆ ವಿಭೂತಿ ಒಣಗಿ ಬಿಳಿ ಹಕ್ಕಳೆಯಾಗಿತ್ತು. ಕುಂಕುಮ ನೀರಿನ ಜೊತೆ ಹರಿದು ಕಂದು ಬಣ್ಣಕ್ಕೆ ತಿರುಗಿ, ಲೋಹದ ಸಾಲುಗಳ ನಡುವೆ ಬೆಂದು ಅಂಟಿತ್ತು.

ರೇಣುಕಾ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಆ ಹೂವನ್ನೇ ನೋಡುತ್ತಿದ್ದಳು.

"ಅಳು ಹುಚ್ಚಿ, ಅತ್ತಾದ್ರೂ ಬಿಡು" ಅಂದೆ.

"ಅಳಾಕ್ ಬರವಲ್ದ್ರಿ ಮೇಡಂ" ಅಂದಳು.

ಅವಳನ್ನು ಅಲ್ಲಿಯೇ ಬಿಟ್ಟು ಹೊರಗೆ ಬಂದೆ. ಸ್ಟಾಫ್ ರೂಮಿನಲ್ಲಿ ಬನ್ನಿ ಹಂಚುವುದು ನಡೆದಿತ್ತು. ದಸರೆಯಾದ ಮೇಲೆ ಬನ್ನಿಯ ಎಲೆ ಕೊಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೂಣು ಎಂದು ಒಬ್ಬರಿಗೊಬ್ಬರು ಹೇಳುವುದು ನಮ್ಮಲ್ಲಿಯ ಪದ್ಧತಿ. ಎಂಥ ಜಗಳವಿದ್ದರೂ ಬನ್ನಿ ಕೊಟ್ಟರೆ ತೆಗೆದುಕೊಳ್ಳಬೇಕು. ಬೇಡವೆನ್ನುವವರನ್ನು ಈ ಊರು ಕಂಡಿಲ್ಲ. ಪ್ರಾಚಾರ್ಯರು ತಾಟಿನಲ್ಲಿ ಎಲೆ ಹಿಡಿದು ಒಬ್ಬೊಬ್ಬರ ಹತ್ತಿರ ಬರುತ್ತಿದ್ದರು. ನನ್ನ ಮುಂದೆಯೂ ಬಂದರು.

"ಮೇಡಂ, ಬನ್ನಿ ತಗೋರಿ, ಬಂಗಾರದಂಗ ಇರೂಣು."

"ನನ್ನ ಲ್ಯಾಬಿನ ಬಾಗ್ಲಾ ಯಾರ್ ತಗದ್ರು?"

"ಅಧ್ಯಕ್ಷರು ಬಂದಿದ್ರರಿ. ಈ ಬಾಗ್ಲಾ ಯಾಕ್ ಹಾಕೇತಿ ಅಂತ ಕೇಳಿದ್ರು. ಆಫೀಸಿನ ಕೀಲಿಯಿಂದ ತಗಸ್ದೆ. ಒಂದ್ ಎರಡು ಮಿನಿಟಿನ ಪೂಜಿ, ಒಂದ್ ಹೂವು. ಅದಕ್ಕ್ಯಾಕ್ ಇಷ್ಟ್ ಸಿಟ್ಟರೀ? ಮೊದಲ ಬನ್ನಿ ತಗೋರಿ."

"ನಿಮ್ಮ ಬನ್ನಿ ನೀವ ಇಟ್ಕೋರಿ. ನನಗ ಬ್ಯಾಡ!"

ಯಾರದೋ ಕೈಯಿಂದ ಎಲೆ ಕೆಳಗೆ ಬಿತ್ತು. ಮಧ್ಯಾಹ್ನದೊಳಗೆ ಜಮಖಂಡಿಯ ಅರ್ಧ ಊರಿಗೆ ಗೊತ್ತಾಗಿತ್ತು: ಎಲೆಕ್ಟ್ರಾನಿಕ್ಸ್ ಮೇಡಂ ಬನ್ನಿ ಬ್ಯಾಡಂದ್ಲಂತ. ದೇವರ ಹೂವನ್ನೇ ಒದ್ದಳಂತೆ ಎಂದು ಸಂಜೆಗೆ ಸೇರಿಕೊಂಡಿತು. ರಬಕವಿಯಲ್ಲಿ ನನ್ನ ತಮ್ಮನ ಹೆಂಡತಿ ಬಾಗಿಲಲ್ಲೇ ತಡೆದು ಕೇಳಿದಳು, "ಖರೇನ ಏನ್ರಿ ಅಕ್ಕಾರ? ಬನ್ನಿ ಬ್ಯಾಡ ಅಂದ್ರಿ?" ಖರೆ ಅಂದೆ. ಹೂವನ್ನು ಒದ್ದಿರಲಿಲ್ಲ. ಆ ವಿಷಯ ಮಾತ್ರ ಯಾರೂ ಕೇಳಲಿಲ್ಲ.

ಮರುದಿನ ಬಸಪ್ಪ ಬಂದ. ಕಣ್ಣು ಕೆಂಪಾಗಿದ್ದವು. ನಡೆದದ್ದೆಲ್ಲ ಹೇಳಿದ. ಅಕ್ಕಾರು ಒಳಗೆ ಬೇಡ ಅಂದಿದ್ದಾರೆ ಎಂದು ಅವನು ಹೇಳಿದ್ದನಂತೆ. ಪ್ರಾಚಾರ್ಯರು, "ನೀ ಯಾರಲೇ ಹೇಳಾಕ?" ಎಂದು ಕೀಲಿ ತಿರುಗಿಸಿದರಂತೆ. ನಡೆಯುವ ಯಂತ್ರಕ್ಕೆ ಪೂಜೆಯಾಗಬಾರದೆಂದು ಬಸಪ್ಪ ಮೇನ್ ಸ್ವಿಚ್ ಆರಿಸಿದ. ಪೂಜೆ ಮುಗಿದ ಮೇಲೆ ಕೂಸು ತಣ್ಣಗಾಗುತ್ತದೆಂದು ಮತ್ತೆ ಹಾಕಿದ. ಒಳಗೆ ಹೂವಿತ್ತು, ಅದನ್ನು ತೆಗೆಯಲಿಲ್ಲ.

"ದೇವರ ಹೂವಾ ಅದು ಅಕ್ಕಾರ. ಏರಿಸಿದ ಹೂವು ನಾ ಹ್ಯಾಂಗ ತಗೀಲಿ? ಬಾಡಿದ ಮ್ಯಾಲ ನೀವ ಬಂದು ತಗೀತೀರಿ ಅಂತ ತಿಳ್ಕೊಂಡ್ನಿ."

ಅವನಿಗೂ ಬೈದೆ. ಬೈಯದೆ ಇರಲು ನಾನೇನು ದೇವತೆಯಲ್ಲ. ಆದರೆ ಬೈದ ಮೇಲೆ ಚಹಾ ತರಿಸಿ ಕುಡಿಸಿದೆ. ಏರಿಸಿದ ಹೂವನ್ನು ಈ ಸೀಮೆಯ ಯಾವ ಸಿಪಾಯಿಯೂ ತೆಗೆಯುವುದಿಲ್ಲ. ನನ್ನ ಸಿಟ್ಟು ಮುಚ್ಚಳ ಎತ್ತಿದವರ ಮೇಲೆ.

ರೇಣುಕಾ ಸೂಕ್ಷ್ಮದರ್ಶಕದ ಕೆಳಗೆ ಕೂತಳು. ಹಕ್ಕಳೆಯನ್ನು ಎಬ್ಬಿಸದೆ ಒಂದೊಂದೇ ಸಾಧನ ನೋಡಿದಳು. ಹೆಚ್ಚಿನವು ಸತ್ತಿದ್ದವು. ಚಿಪ್ಪನ್ನು ಹಿಡಿದಿದ್ದ ಲೋಹದ ಪಟ್ಟಿಯ ಅಡಿಯಲ್ಲಿ ಅಂಚಿನ ಒಂದು ಸಾಲು ಮಾತ್ರ ನೀರು ತಾಗದೆ ಉಳಿದಿತ್ತು. ಸೂಜಿ ಇಳಿಸಿ ಓದಿದಳು. ಆ ಸಾಲು ಬರೆದದ್ದನ್ನು ಮರೆತಿರಲಿಲ್ಲ. ಬಿಸಿ, ಬಂದ್ ಆದ ಕರೆಂಟು, ಕರ್ಪೂರದ ಹೊಗೆ, ಎಲ್ಲ ಆದ ಮೇಲೂ.

"ಇಷ್ಟರ ಮ್ಯಾಲ ಬರೀತೇನ್ರಿ" ಅಂದಳು.

ಬರೆದಳು. ಮಗ್ಗದ ಸದ್ದಿನಲ್ಲಿ ಕೂತು ದೀಪಾವಳಿಯನ್ನೂ ಮಾಡದೆ ಬರೆದಳು. ಒಂದು ಸಾಲಿನ ಫಲಿತಾಂಶ ಮಾತ್ರ ಏಕೆ, ಉಳಿದವು ಏನಾದವು ಎಂದು ಹೇಳಲೇಬೇಕು. ಅದು ವಿಜ್ಞಾನದ ಕನಿಷ್ಠ ಮರ್ಯಾದೆ. ಅವಳು ಅದನ್ನು ಒಂದೇ ವಾಕ್ಯದಲ್ಲಿ ಬರೆದಿದ್ದಳು: ಪೂಜೆಯ ಸಮಯದಲ್ಲಿ ಮುಚ್ಚಳ ತೆರೆದದ್ದರಿಂದ ನೀರು, ವಿಭೂತಿ ಮತ್ತು ಕುಂಕುಮ ಬಿದ್ದು ಉಳಿದ ಸಾಧನಗಳು ಕೆಟ್ಟವು. ಯಾರ ಹೆಸರೂ ಇರಲಿಲ್ಲ.

ಪ್ರಬಂಧ ವಿಶ್ವವಿದ್ಯಾಲಯಕ್ಕೆ ಹೋಗಲು ಪ್ರಾಚಾರ್ಯರ ಸಹಿ ಬೇಕು. ಅವರು ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತರು. ಇವತ್ತು ಮೀಟಿಂಗು, ನಾಳೆ ಬಾಗಲಕೋಟೆ, ನಾಡಿದ್ದು ತಲೆನೋವು. ಡಿಸೆಂಬರ್ ನಡೆದಿತ್ತು. ಕಡೆಗೆ ನನ್ನನ್ನೂ ರೇಣುಕಾಳನ್ನೂ ಕರೆಸಿದರು.

"ಈ ಒಂದ್ ವಾಕ್ಯ ತಗೀರಿ. ಕರೆಂಟ್ ಹೋಗಿ ಕೆಟ್ಟೂ ಅಂತ ಬರೀರಿ. ಇವತ್ತ ಸಹಿ ಮಾಡ್ತೇನಿ."

ನನ್ನ ತಲೆ ಸಿಡಿಯಿತು. "ಸರ್, ಕರೆಂಟ್ ಹೋದ್ರೂ ಕೆಡೂದಿಲ್ಲ ಅನ್ನೂದ ಆಕಿ ಪ್ರಬಂಧ! ಕರೆಂಟ್ ಹೋಗಿ ಕೆಟ್ಟೂ ಅಂತ ಬರದ್ರ ಆಕಿ ಕೈಯಿಂದನ ಆಕಿ ಕೆಲಸಾ ಸುಳ್ಳ ಮಾಡಿಸಿದಂಗ. ನೀವು ಅದನ್ನ ಓದೀರೋ ಇಲ್ಲೋ?"

"ಹಂಗಾರ ಸಿಪಾಯಿ ನಿರ್ಲಕ್ಷ್ಯದಿಂದ ಅಂತ ಬರೀರಿ. ಅಂವನ ಮ್ಯಾಲ ಹ್ಯಾಂಗೂ ವಿಚಾರಣಿ ನಡದೈತಿ."

ನನಗೆ ಆಗಲೇ ಗೊತ್ತಾದದ್ದು. ವಿಶ್ವವಿದ್ಯಾಲಯದವರ ಕಿವಿಗೆ ವಿಷಯ ಬಿದ್ದಿತ್ತು. ಪ್ರಯೋಗ ಹೇಗೆ ಕೆಟ್ಟಿತು ಎಂದು ಅವರು ಕೇಳಿದ್ದರು. ಇವರು ಬಸಪ್ಪನ ತಲೆಗೆ ಕಟ್ಟಿದ್ದರು. ಬಸಪ್ಪ ತಾನೇ ಬೀಗ ತೆಗೆದ, ತಾನೇ ಮುಚ್ಚಳ ಎತ್ತಿದ ಎಂದು. ಅಂದು ಬೆಳಿಗ್ಗೆಯೇ ಅವನನ್ನು ಅಮಾನತು ಮಾಡಿದ್ದರು. ಮಳೆಗಾಲವೆಲ್ಲ ಆ ಕೂಸನ್ನು ಕಾದವನನ್ನು! ನಾನು ಏನೇನು ಕೂಗಿದೆನೋ ನೆನಪಿಲ್ಲ. ಹೊರಗಿನ ಗುಮಾಸ್ತರು ಎದ್ದು ನಿಂತರು. ಪ್ರಾಚಾರ್ಯರು ನಗುತ್ತಲೇ ಇದ್ದರು. ನನ್ನ ಕೂಗಾಟ ಅವರಿಗೆ ಹಿತವಾಗಿತ್ತು. ನಾನು ಕೂಗಿದಷ್ಟೂ ಅವರು ಸಭ್ಯರು.

ರೇಣುಕಾ ನನ್ನ ಸೆರಗು ಹಿಡಿದೆಳೆದಳು. "ಮೇಡಂ, ನೀವ್ ಹೊರಗ ನಡೀರಿ. ನಾ ನಾಳಿ ಬರ್ತೇನ್ರಿ ಸರ್" ಅಂದಳು.

ಕಾಲೇಜಿನ ಮುಂಬಾಗಿಲ ಒಳಗೆ ಗೋಡೆಯಗಲದ ಒಂದು ಫ್ಲೆಕ್ಸ್ ಇತ್ತು. ದಸರೆಯಾದ ವಾರದಲ್ಲೇ ಪ್ರಾಚಾರ್ಯರು ತಾವೇ ನಿಂತು ಹಾಕಿಸಿದ್ದು. ಅದರ ಕೆಳಗೆ ನಾವು ದಿನಾ ಓಡಾಡುತ್ತಿದ್ದೆವು. ಸಿಟ್ಟಿಗೆ ನಾನು ಒಮ್ಮೆಯೂ ಕತ್ತೆತ್ತಿ ನೋಡಿರಲಿಲ್ಲ. ರೇಣುಕಾ ಅದರ ಮುಂದೆ ನಿಂತಳು. ನನ್ನನ್ನೂ ನಿಲ್ಲಿಸಿದಳು. "ಅತ್ಯಾಧುನಿಕ ಸಂಶೋಧನೆಗೆ ಅಧ್ಯಕ್ಷರ ಪೂಜೆ" ಎಂದು ಮೇಲೆ ದಪ್ಪ ಅಕ್ಷರ. ಅಧ್ಯಕ್ಷರು ಬಗ್ಗಿ ನಮ್ಮ ಚಿಪ್ಪಿನ ಮೇಲೆ ಚೆಂಡುಹೂವು ಇಡುತ್ತಿದ್ದಾರೆ. ಪಕ್ಕದಲ್ಲಿ ಎರಡೂ ಕೈಯಿಂದ ಗಾಜಿನ ಮುಚ್ಚಳವನ್ನು ಎತ್ತಿ ಹಿಡಿದು, ಕ್ಯಾಮೆರಾ ಕಡೆ ತಿರುಗಿ ನಗುತ್ತಿರುವವರು ನಮ್ಮ ಪ್ರಾಚಾರ್ಯರು. ಹಿಂದೆ ಹೊಸ್ತಿಲ ಆಚೆ, ಆರತಿ ತಾಟು ಹಿಡಿದು ಬಸಪ್ಪ ನಿಂತಿದ್ದಾನೆ.

ನಾನು ನಗಲೋ ಕಲ್ಲು ಎಸೆಯಲೋ ತಿಳಿಯದೆ ನಿಂತೆ. ಫೋಟೋದ ಹುಚ್ಚಿಗೆ ತನ್ನ ತಪ್ಪನ್ನು ತಾನೇ ಗೋಡೆಗೆ ಅಂಟಿಸಿದ್ದ ಮನುಷ್ಯ!

ಮರುದಿನ ರೇಣುಕಾ ಪ್ರಬಂಧದ ಹೊಸ ಪ್ರತಿ ತೆಗೆದುಕೊಂಡು ಹೋದಳು. ನಾನೂ ಹೋದೆ, ಬಾಯಿ ಬಿಡುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟು. ಆ ವಾಕ್ಯ ಅಲ್ಲೇ ಇತ್ತು. ಅದರ ಕೆಳಗೆ ಫ್ಲೆಕ್ಸಿನ ಆ ಫೋಟೋ, ಚಿತ್ರವೆಂದು ಸಂಖ್ಯೆ ಕೊಟ್ಟು, "ಮಾದರಿ ಕೆಟ್ಟ ಸಂದರ್ಭ" ಎಂಬ ವಿವರಣೆಯೊಂದಿಗೆ. ಪ್ರಾಚಾರ್ಯರ ನಗು ಮೊದಲ ಸಲ ಮುಖದಿಂದ ಇಳಿದದ್ದನ್ನು ನೋಡಿದೆ.

"ಇದೇನಿದು? ಇದನ್ನ ತಗೀರಿ!"

"ತಗೀತೇನ್ರಿ ಸರ್" ಅಂದಳು ರೇಣುಕಾ, ಮೆಲ್ಲಗೆ. "ವಾಕ್ಯ ಇರ್ಲಿ, ಫೋಟೋ ತಗೀತೇನಿ. ಬಸಪ್ಪನ ಮ್ಯಾಲಿನ ಸಸ್ಪೆನ್ಷನ್ ನೀವು ತಗೀರಿ."

"ಏನಮ್ಮಾ, ಬೆದರಸಾಕತ್ತೀ ಏನು?"

"ಇಲ್ರಿ ಸರ್. ಗ್ವಾಡಿ ಮ್ಯಾಲ ನೀವ ಹಾಕಿಸೀರಿ. ನಾ ಬರೇ ಅದನ್ನ ಪುಸ್ತಕದಾಗ ಹಾಕೇನಿ."

ಬಾಯಿ ಬಿಡದೆ ಕೂರುವುದು ನನಗೆ ಹೆರಿಗೆಗಿಂತ ಕಷ್ಟವಾಯಿತು. ಅವರು ಪೆನ್ನು ತೆಗೆದರು. ಬಸಪ್ಪನ ಆದೇಶ ರದ್ದಾಯಿತು, ಪ್ರಬಂಧಕ್ಕೆ ಸಹಿ ಬಿತ್ತು. ಗಡುವಿಗೆ ಮುಂಚೆ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಒಪ್ಪಿಸಲು ರೇಣುಕಾ ಬೆಳಗಾವಿಯ ಬಸ್ಸು ಹತ್ತಿದಳು. ಮುಂದೆ ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಆ ವಾಕ್ಯದ ಮೇಲೆ ಬೆರಳಿಟ್ಟು ಕೇಳಿದರು. ನಡೆದದ್ದನ್ನು ನಡೆದಂತೆ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಇಷ್ಟು ಪ್ರಾಮಾಣಿಕವಾದ ವಾಕ್ಯ ನಾನು ಪ್ರಬಂಧಗಳಲ್ಲಿ ಓದುವುದು ಕಡಿಮೆ" ಎಂದರು. ಡಾಕ್ಟರೇಟ್ ಬಂತು.

ಎಲ್ಲ ಒಳ್ಳೆಯದಾಯಿತಲ್ಲ, ಇನ್ನೂ ಯಾಕೆ ಸಿಟ್ಟು ಎಂದು ನನ್ನ ತಮ್ಮ ಕೇಳುತ್ತಾನೆ. ಏನು ಒಳ್ಳೆಯದಾಯಿತು? ಮೂರ್ನಾಲ್ಕು ತಿಂಗಳ ಕೆಲಸ ಸುಟ್ಟುಹೋಗಿ, ದೊಡ್ಡ ನಿಯತಕಾಲಿಕಕ್ಕೆ ಹೋಗಬೇಕಾದ ಲೇಖನ, ಮಾದರಿಗಳು ಸಾಕಷ್ಟಿಲ್ಲವೆಂದು ವಾಪಸು ಬಂತು. ಅಷ್ಟರೊಳಗೆ ಬೇರೆ ದೇಶದ ತಂಡವೊಂದು ಅದೇ ಫಲಿತಾಂಶ ಪ್ರಕಟಿಸಿತು. ರೇಣುಕಾ ಸತ್ಯ ಬರೆಯುವುದಕ್ಕೂ ಚೌಕಾಶಿ ಮಾಡಬೇಕಾಯಿತು. ಬಸಪ್ಪ ಕೆಲಸಕ್ಕೆ ಮರಳಿದ, ಆದರೆ ಪ್ರಯೋಗಾಲಯದೊಳಗೆ ಮತ್ತೆ ಕಾಲಿಡಲಿಲ್ಲ. ಕರೆದರೆ ಹೊಸ್ತಿಲಲ್ಲೇ ನಿಂತು, "ಇಲ್ಲಿಂದನ ಹೇಳ್ರಿ ಅಕ್ಕಾರ" ಅನ್ನುತ್ತಿದ್ದ. ನಿವೃತ್ತಿಯಾಗುವ ತನಕ ಹಾಗೆಯೇ. ಮಾಡದ ತಪ್ಪು ಅವನ ಮೈಗೆ ಅಂಟಿಬಿಟ್ಟಿತ್ತು. ಪ್ರತಿ ದಸರೆಗೆ ರಬಕವಿಗೆ ಬಂದು ನನಗೆ ಬನ್ನಿ ಕೊಟ್ಟು ಹೋಗುತ್ತಾನೆ. ಅವನ ಬನ್ನಿಯನ್ನು ನಾನು ಎರಡೂ ಕೈಯಿಂದ ತೆಗೆದುಕೊಳ್ಳುತ್ತೇನೆ.

ಮೊನ್ನೆ ದಸರೆ ಮುಗಿದ ಮೇಲೆ ಕಾಲೇಜಿಗೆ ಹೋಗಿದ್ದೆ. ಈಗ ಆ ಪ್ರಯೋಗಾಲಯ ರೇಣುಕಾಳದು, ಅಲ್ಲೇ ಕಲಿಸುತ್ತಾಳೆ. ಪೂಜೆಯ ಗುರುತು ಹೊಸ್ತಿಲಿಗೆ, ಬಾಗಿಲ ಚೌಕಟ್ಟಿಗೆ. ಒಳಗೆ ಯಂತ್ರಗಳ ಮೇಲೆಲ್ಲ ಒಗೆದ ಬಿಳಿ ಬಟ್ಟೆ ಹೊದಿಸಿದ್ದಳು. ಅಧ್ಯಕ್ಷರೂ ಹೊರಗೇ ನಿಂತು ಕೈ ಮುಗಿದು ಹೋದರಂತೆ. ಬಟ್ಟೆ ಸರಿಸಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು. ಸಣ್ಣ ಡಬ್ಬಿಯಿಂದ ಆ ಹಳೆಯ ಚಿಪ್ಪು ತೆಗೆದಳು. ಕಂದು ಕಲೆ ಹಾಗೆಯೇ ಇತ್ತು. ಅಂಚಿನ ಸಾಲಿಗೆ ಸೂಜಿ ಇಳಿಸಿ ಓದಿ ತೋರಿಸಿದಳು. ಇಷ್ಟು ವರ್ಷವಾದರೂ ಅದಕ್ಕೆ ನಾವು ಬರೆದದ್ದು ನೆನಪಿತ್ತು. ನನಗೆ ಅಳು ಬಂತು, ಅತ್ತೆ.

ಹೊರಗೆ ಬರುವಾಗ ಸ್ಟಾಫ್ ರೂಮಿನ ಬಾಗಿಲಲ್ಲಿ ಹಳೆಯ ಪ್ರಾಚಾರ್ಯರು ಎದುರಾದರು. ಅವರೂ ನಿವೃತ್ತರು, ಆದರೂ ಸಂಸ್ಥೆಯ ಸಲಹೆಗಾರರೆಂದು ಬರುತ್ತಿರುತ್ತಾರೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ನಗು ಅದೇ. ಜೇಬಿನಿಂದ ಬನ್ನಿಯ ಎಲೆ ತೆಗೆದು ಕೈ ಚಾಚಿದರು.

"ಹಳೇ ಮಾತೆಲ್ಲಾ ಆತು ಮೇಡಂ. ನೀವೂ ವಯಸ್ಸಾದವರು, ನಾನೂ ವಯಸ್ಸಾದಾಂವ. ಈಗರೆ ತಗೋರಿ."

ಸುಳ್ಳು ಹೇಳುವುದಿಲ್ಲ, ನನ್ನ ಕೈ ಅರ್ಧ ಎದ್ದಿತ್ತು. ಆಗತಾನೇ ಅತ್ತು ಮನಸ್ಸು ಮೆತ್ತಗಾಗಿತ್ತು. ತೆಗೆದುಕೊಳ್ಳುವ ಮುಂಚೆ ಒಂದೇ ಮಾತು ಕೇಳಿದೆ.

"ಬಸಪ್ಪಗ ಕೊಟ್ಟೀರೇನ್ರಿ ಬನ್ನಿ?"

ಅವರು ಹುಬ್ಬು ಗಂಟಿಕ್ಕಿ ಯೋಚಿಸಿದರು. ನಾಟಕವಲ್ಲ, ನಿಜವಾಗಿಯೇ ಯೋಚಿಸಿದರು.

"ಯಾವ ಬಸಪ್ಪ?"

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ರಬಕವಿಯ ಬಸ್ಸಿಗೆ ಹೊತ್ತಾಗಿತ್ತು.